ತಂಬೂರಿ ಕಲಿಸಿದ ಮೌನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ಸಂತೋಷದೊಡನೆ ಸಂಕೋಚವೂ ಆಯಿತು. ಶಾಲೆಗೆ ಕೀರ್ತಿ ತಂದ ವಿದ್ಯಾರ್ಥಿಗಳ ಸಾಲಿನಲ್ಲಿ ನಾನಿಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಕವಿಯೂ ಅಲ್ಲ, ಗಾಯಕನೂ ಅಲ್ಲ. ಆದರೆ ಲೆಕ್ಕ ಬರೆಯುವವನಿಗೆ ತನ್ನ ಬಾಕಿ ಎಲ್ಲಿ ಉಳಿದಿದೆ ಎಂಬುದು ಗೊತ್ತಿರುತ್ತದೆ. ಈ ಶಾಲೆಗೂ ನಮ್ಮ ಸಂಗೀತದ ಗುರುಗಳಿಗೂ ನಾನು ಸಲ್ಲಿಸಬೇಕಾಗಿದ್ದ ಒಂದು ಬಾಕಿ ಹಾಗೆಯೇ ಉಳಿದಿದೆ. ಅದು ಒಂದು ತಂಬೂರಿಗೆ ಸಂಬಂಧಿಸಿದ್ದು.

ನಮ್ಮ ಮನೆತನ ಅಥಣಿಯ ಕಡೆಯದು. ತಂದೆಯವರು ಸಾಂಗಲಿಯ ಅರಿಷಿಣ ಪೇಟೆಯ ಅಡತಿ ಅಂಗಡಿಯೊಂದಕ್ಕೆ ಗುಮಾಸ್ತರಾಗಿ ಬಂದು ಕಸಬೆ ಡಿಗ್ರಜದಲ್ಲಿ ಮನೆ ಮಾಡಿದರು. ಒಲೆಯ ಮುಂದೆ ಕನ್ನಡ, ಓಣಿಯಲ್ಲಿ ಮರಾಠಿ. ಎರಡೂ ನಮ್ಮವೇ ಆಗಿದ್ದವು. ಮಕ್ಕಳು ತಾಯ್ನುಡಿಯಲ್ಲಿ ಅಕ್ಷರ ಕಲಿಯಲೆಂಬ ಹಟದಿಂದ ತಂದೆಯವರು ನನ್ನನ್ನು ಈ ಶಾಲೆಗೆ ಸೇರಿಸಿದರು. ಆಗ ಶಾಲೆಗೆ ನಾಲ್ಕು ಕೋಣೆ, ಒಂದು ಬೇವಿನ ಮರ, ಗೋಡೆಯ ಮೂಲೆಯಲ್ಲಿ ಖಾದಿ ಗವಸಣಿಗೆ ತೊಟ್ಟ ಒಂದು ಮಿರಜ ತಂಬೂರಿ, ಇಷ್ಟೇ ಸಂಪತ್ತು.

ಸಂಗೀತದ ಮಾಸ್ತರರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಪ್ರಾರ್ಥನೆಯ ಹಾಡಿಗೆ ಮಕ್ಕಳನ್ನು ಆರಿಸುವಾಗ ನಾನೂ ಮುಂದಿನ ಸಾಲಿನಲ್ಲಿ ನಿಂತಿದ್ದೆ. ಅವರು ನನ್ನಿಂದ ಎರಡು ಸಾಲು ಹಾಡಿಸಿ, ಬೆನ್ನ ಮೇಲೆ ಕೈಯಿಟ್ಟು, “ತಮ್ಮಾ, ನಿನ್ನ ಧ್ವನಿ ಈಗ ಒಡದೈತಿ. ಹಾಡೂದು ಬ್ಯಾಡ. ಹಿಂದ ಕೂತು ತಂಬೂರಿ ನುಡಿಸು” ಎಂದರು. ಮಕ್ಕಳು ನಕ್ಕರು. ಆ ನಗು ನನ್ನೊಳಗೆ ಬಹಳ ಕಾಲ ಉಳಿಯಿತು. ಹಾಡಲು ಬಾರದವನಿಗೆ ಕೊಟ್ಟ ಶಿಕ್ಷೆಯೇ ತಂಬೂರಿ ಎಂದು ತಿಳಿದು, ಮುಖ ಗಂಟಿಕ್ಕಿಕೊಂಡು ಹಿಂದೆ ಕುಳಿತೆ.

ಪಾಠದ ಆರಂಭದಲ್ಲಿ ಮಾಸ್ತರರು ಒಂದು ಆಟ ಆಡಿಸುತ್ತಿದ್ದರು. ನಾಲ್ಕು ತಂತಿಗಳನ್ನೂ ಶ್ರುತಿಗೂಡಿಸಿ, ಒಮ್ಮೆ ಮೀಟಿಸಿ, ಕೈ ತೆಗೆಯಲು ಹೇಳುವರು. “ಈ ನಾದ ನಿಮಗ ಕೇಳೂದು ನಿಂತಾಗ ಕೈ ಎತ್ರಿ.” ಎಲ್ಲರೂ ಕಣ್ಣು ಮುಚ್ಚಬೇಕು. ನಾದ ತೆಳುವಾಗುತ್ತ ಹೋದಂತೆ ಬೇರೆ ಸದ್ದುಗಳು ಒಂದೊಂದಾಗಿ ಒಳಗೆ ಬರುತ್ತಿದ್ದವು. ಕಬ್ಬಿನ ಗರಿಗಳ ಸವರಾಟ, ದೂರದ ಪಂಪಿನ ಸದ್ದು, ಬೇವಿನ ಮರದ ಹಕ್ಕಿ, ಮಳೆಗಾಲವಾದರೆ ಹಂಚಿನಿಂದ ತೊಟ್ಟಿಕ್ಕುವ ನೀರು. ಅವಸರದ ಹುಡುಗನಾದ ನಾನು ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದೆ. ಒಬ್ಬ ಹುಡುಗಿ ಮಾತ್ರ ಎಲ್ಲರೂ ಎತ್ತಿದ ಮೇಲೂ ಎತ್ತುತ್ತಿರಲಿಲ್ಲ. ನಾವು ನಕ್ಕರೆ ಮಾಸ್ತರರು, “ಆಕಿಗಿನ್ನೂ ಕೇಳಸ್ತದ, ಸುಮ್ಮನಿರ್ರಿ” ಎನ್ನುವರು. ಒಂದು ವರ್ಷವಾದ ಮೇಲೆ ಓದಿನ ನೆವ ಹೇಳಿ ನಾನು ತಂಬೂರಿಯನ್ನು ಬಿಟ್ಟೆ. ಮಾಸ್ತರರು ಏನೂ ಅನ್ನಲಿಲ್ಲ.

ಮುಂದೆ ನೌಕರಿ, ವರ್ಗಾವಣೆ, ಸಂಸಾರ. 2014ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಮಗಳ ಮನೆಗೆ ಹೋದಾಗ ಒಂದು ಸಂಜೆ ಅವಳು ನನ್ನನ್ನು ಊರಿನ ಚಿಕ್ಕ ಸಭಾಗೃಹಕ್ಕೆ ಕರೆದೊಯ್ದಳು. ಅಲ್ಲಿ ಚೇಂಬರ್ ಮ್ಯೂಸಿಕ್ ಕಾರ್ಯಕ್ರಮವಿತ್ತು. ಹೆಸರೇ ಹೇಳುವಂತೆ ಇದು ಕೋಣೆಯ ಸಂಗೀತ. ದೊಡ್ಡ ವಾದ್ಯವೃಂದವಿಲ್ಲ, ಕೋಲು ಹಿಡಿದ ನಿರ್ದೇಶಕನಿಲ್ಲ. ಕೆಲವೇ ವಾದಕರು ಕೆಲವೇ ಕೇಳುಗರ ಎದುರಿಗೆ ಕುಳಿತು ಒಬ್ಬರನ್ನೊಬ್ಬರು ಆಲಿಸುತ್ತ ನುಡಿಸುತ್ತಾರೆ. ನಮ್ಮ ಬೈಠಕ್ಕಿನ ಆತ್ಮೀಯತೆ ಅದರಲ್ಲಿದೆ. ಅಂದು ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೊ. ನುಡಿಸಿದ್ದು ಜಾನ್ ಕೇಜ್ ಎಂಬ ಅಮೆರಿಕನ್ ಸಂಗೀತಕಾರರು 1950ರಲ್ಲಿ ಮುಗಿಸಿದ, ನಾಲ್ಕು ಭಾಗಗಳ ತಂತಿವಾದ್ಯ ಚತುಷ್ಟಯ.

ಮೊದಲ ಹತ್ತು ನಿಮಿಷ ನನಗೆ ಏನೂ ಆಗುತ್ತಿಲ್ಲವೆನಿಸಿತು. ವಾದಕರು ಸ್ವರವನ್ನು ನಡುಗಿಸುತ್ತಿರಲಿಲ್ಲ. ಕಮಾನನ್ನು ತಂತಿಯ ಮೇಲೆ ಭಾರವಿಲ್ಲದೆ ಎಳೆಯುತ್ತಿದ್ದರು. ಹಾಗೆಯೇ ನುಡಿಸಬೇಕೆಂದು ರಚನಕಾರರೇ ಸೂಚಿಸಿದ್ದಾರೆಂದು ಮಗಳು ಹೇಳಿದಳು. ಕಾರ್ಯಕ್ರಮದ ಹಾಳೆಯನ್ನು ಓದಿದಾಗ ಬೆರಗಾಯಿತು. ಈ ಕೃತಿಯ ಹಿಂದಿರುವುದು ಭಾರತೀಯರ ಋತುಕಲ್ಪನೆ: ಬೇಸಿಗೆ ಎಂದರೆ ಸ್ಥಿತಿ, ಶರತ್ಕಾಲ ಎಂದರೆ ಲಯ, ಚಳಿಗಾಲ ಎಂದರೆ ನಿಶ್ಚಲತೆ, ವಸಂತ ಎಂದರೆ ಸೃಷ್ಟಿ. ಮೂರನೆಯದಾದ ಚಳಿಗಾಲದ ಭಾಗ ಚಲಿಸುತ್ತದೆಯೋ ಇಲ್ಲವೋ ಎಂಬಷ್ಟು ನಿಧಾನ. ಒಂದು ಸ್ವರ ಸಾಯುತ್ತಿತ್ತು. ಇನ್ನೊಂದು ಹುಟ್ಟಲು ಅವಸರಪಡುತ್ತಿರಲಿಲ್ಲ. ನಡುವೆ ಕಿಟಕಿಯಾಚೆಯ ಗಾಳಿ ಕೇಳಿಸಿತು, ಯಾರದೋ ಉಸಿರು ಕೇಳಿಸಿತು. ನಾನು ಗೊತ್ತಿಲ್ಲದೆ ಕಣ್ಣು ಮುಚ್ಚಿದ್ದೆ. ಭಾಗ ಮುಗಿದಾಗ ನನ್ನ ಬಲಗೈ ತೊಡೆಯಿಂದ ತಾನಾಗಿ ಮೇಲೆದ್ದಿತು. ಮಗಳು ಬೆಚ್ಚಿ, “ಏನಾತಪ್ಪಾ?” ಎಂದು ಪಿಸುಗುಟ್ಟಿದಳು. ನಾಲ್ಕು ದಶಕ ಹಿಂದಿನ ಕೋಣೆಯಲ್ಲಿ ಎತ್ತಿದ ಕೈ ಅದು ಎಂದು ಅವಳಿಗೆ ಹೇಗೆ ಹೇಳಲಿ?

ಆ ಮೇಲೆ ಕುತೂಹಲದಿಂದ ಕೇಜರ ವಿಷಯ ಓದಿದೆ. 1940ರ ದಶಕದ ನಡುವೆ ಅಹಮದಾಬಾದಿನ ಗೀತಾ ಸಾರಾಭಾಯಿ ಪಾಶ್ಚಾತ್ಯ ಸಂಗೀತ ಕಲಿಯಲು ನ್ಯೂಯಾರ್ಕಿಗೆ ಹೋಗಿದ್ದರು. ಕೇಜರು ಅವರಿಗೆ ತಮ್ಮ ವಿದ್ಯೆ ಹೇಳಿಕೊಟ್ಟರು. ಅವರಿಂದ ನಮ್ಮ ಸಂಗೀತದ ವಿಚಾರ ಕಲಿತರು. ಸಂಗೀತ ಇರುವುದು ಮನಸ್ಸನ್ನು ಶಾಂತಗೊಳಿಸಿ ಹದಮಾಡಲು ಎಂಬ ತಿಳಿವಳಿಕೆ ಅವರಿಗೆ ದೊರೆತದ್ದು ಈ ಹೆಣ್ಣುಮಗಳಿಂದ. ಮುಂದೆ 1950ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಪಾನಿನ ಡಿ. ಟಿ. ಸುಜುಕಿಯವರು ಝೆನ್ ಬೌದ್ಧಧರ್ಮವನ್ನು ಕುರಿತು ನೀಡಿದ ಉಪನ್ಯಾಸಗಳಿಗೂ ಕೇಜ್ ಹೋಗುತ್ತಿದ್ದರು. ಹಾರ್ವರ್ಡಿನಲ್ಲಿ ಹೊರಗಿನ ಯಾವ ಸದ್ದೂ ಸುಳಿಯದ ಕೋಣೆಯೊಂದನ್ನು ಹೊಕ್ಕಾಗ ಅವರಿಗೆ ತಮ್ಮ ದೇಹದ್ದೇ ಎರಡು ಸದ್ದು ಕೇಳಿಸಿದವು. ಸಂಪೂರ್ಣ ನಿಶ್ಶಬ್ದವೆಂಬುದು ಇಲ್ಲವೆಂದು ಅವರು ತೀರ್ಮಾನಿಸಿದರು. 1952ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಎಂಬಲ್ಲಿ, ಕಾಡಿಗೆ ಬೆನ್ನು ಕೊಟ್ಟ ಮರದ ಸಭಾಗೃಹದಲ್ಲಿ, ಡೇವಿಡ್ ಟ್ಯೂಡರ್ ಎಂಬ ವಾದಕರು ಪಿಯಾನೋ ಎದುರು ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ಒಂದು ಸ್ವರವನ್ನೂ ನುಡಿಸದೆ ಕುಳಿತರು. ಕೇಳುಗರಲ್ಲಿ ಹಲವರು ಸಿಟ್ಟಾದರು. ಕೇಜರಿಗೆ ಮಾತ್ರ ಮರಗಳ ಗಾಳಿ, ಮಾಡಿನ ಮೇಲಿನ ಮಳೆಹನಿ, ಎದ್ದುಹೋಗುವವರ ಗೊಣಗಾಟ ಎಲ್ಲವೂ ಕೃತಿಯ ಭಾಗವೇ ಆಗಿದ್ದವು.

ಇದನ್ನು ಓದುವಾಗ ನನಗೆ ಕೈ ಎತ್ತದೆ ಕುಳಿತ ಆ ಹುಡುಗಿಯ ನೆನಪಾಯಿತು. ಅವಳಿಗೆ ನಿಜವಾಗಿಯೂ ಏನೋ ಕೇಳಿಸುತ್ತಿತ್ತು.

ಜಪಾನಿನ ತೋರು ತಾಕೆಮಿತ್ಸು (1930–1996) ಇದೇ ಹಾದಿಯ ಇನ್ನೊಬ್ಬ ರಚನಕಾರರು. ಎರಡು ಸ್ವರಗಳ ನಡುವಿನ ಬಿಡುವಿಗೆ ಜಪಾನೀಯರು ‘ಮಾ’ ಎನ್ನುತ್ತಾರೆ. ಅದು ಖಾಲಿ ಜಾಗವಲ್ಲ, ತುಂಬಿದ ಜಾಗ. ‘ರೇನ್ ಟ್ರೀ’ ಎಂಬ ಅವರ 1981ರ ಕೃತಿಗೆ ಮೂವರೇ ವಾದಕರು. ಮಳೆ ನಿಂತ ಮೇಲೂ ತನ್ನ ಸಣ್ಣ ಎಲೆಗಳಲ್ಲಿ ಹಿಡಿದಿಟ್ಟ ನೀರನ್ನು ತೊಟ್ಟಿಕ್ಕುತ್ತಲೇ ಇರುವ ಮರದ ಕಲ್ಪನೆ ಅದರದ್ದು. ಕೆಂಜಬುರೊ ಓಯೆ ಅವರ ಕಥೆಯೊಂದರಿಂದ ಬಂದದ್ದು. ನಮ್ಮ ಶಾಲೆಯ ಬೇವಿನ ಮರವನ್ನು ಆಷಾಢದಲ್ಲಿ ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಸಹೃದಯ ಓದುಗರು ಕೇಳಬಹುದು: ಅಮೆರಿಕ ಜಪಾನುಗಳ ಮಾತು ನಮ್ಮ ಶಾಲೆಯ ಸಂಚಿಕೆಯಲ್ಲೇಕೆ? ಆ ದಾರಿ ತಿರುಗಿ ನಮ್ಮ ಮಿರಜಿಗೇ ಬಂದು ಸೇರುತ್ತದೆ, ಅದಕ್ಕಾಗಿ. ಕಿರಾಣಾ ಘರಾಣೆಯ ಪಂಡಿತ ಪ್ರಾಣನಾಥರು 1970ರಲ್ಲಿ ಅಮೆರಿಕಕ್ಕೆ ಹೋದಾಗ ಲಾ ಮಾಂಟ್ ಯಂಗ್, ಟೆರಿ ರೈಲಿ ಮುಂತಾದ ಅಲ್ಲಿನ ಹೊಸ ಸಂಗೀತದ ಮುಂದಾಳುಗಳು ಅವರ ಶಿಷ್ಯರಾದರು. ರೈಲಿಯವರು ಮುಂದೆ ಕ್ರೋನೊಸ್ ಎಂಬ ತಂತಿವಾದ್ಯ ತಂಡಕ್ಕಾಗಿ ಅನೇಕ ಕೃತಿಗಳನ್ನು ರಚಿಸಿದರು. ಪ್ರಾಣನಾಥರ ಗುರುಗಳು ಅಬ್ದುಲ್ ವಹೀದ್ ಖಾನರು. ಅದೇ ಘರಾಣೆಯ ಮತ್ತೊಬ್ಬ ಮಹಾಪುರುಷರಾದ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜಿನಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ನಮ್ಮ ಮಲ್ಲಿಕಾರ್ಜುನ ಮನ್ಸೂರರಿಗೂ ಎಳವೆಯಲ್ಲಿ ಪಾಠ ಹೇಳಿದವರು ಮಿರಜಿನ ನೀಲಕಂಠಬುವಾ. ಕನ್ನಡಿಗರ ಗಾಯನ ಈ ಊರಿನ ಋಣವನ್ನು ಎಷ್ಟು ಸ್ಮರಿಸಿದರೂ ಕಡಿಮೆಯೇ.

ಖಾನ್‌ಸಾಹೇಬರ ಕೊನೆಯ ಗಳಿಗೆಯ ಸಂಗತಿ ಪ್ರಸಿದ್ಧವಾದುದು. 1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವಾಗ ರೈಲಿನಲ್ಲಿ ಅಸ್ವಸ್ಥರಾಗಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ಹಾಸಿಗೆ ಹಾಸಿಸಿ, ತಂಬೂರಿ ಶ್ರುತಿ ಮಾಡಿಸಿ, ದರಬಾರಿ ರಾಗದಲ್ಲಿ ಪ್ರಾರ್ಥನೆ ಸಲ್ಲಿಸುತ್ತ ಪ್ರಾಣ ಬಿಟ್ಟರು. ಅವರ ಸಮಾಧಿ ಮಿರಜಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ.

ನಾನು ಹೇಳಬೇಕೆಂದಿರುವ ಬಾಕಿಯೂ ಒಂದು ರೈಲು ನಿಲ್ದಾಣಕ್ಕೇ ಸೇರಿದ್ದು. ಹಲವು ವರ್ಷಗಳ ಹಿಂದೆ ಸಹೋದ್ಯೋಗಿಗಳೊಡನೆ ಮಿರಜ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ನಿಂತಿದ್ದೆ. ಸಾಂಗಲಿ ಕಡೆಯಿಂದ ಬಂದ ಪ್ಯಾಸೆಂಜರಿನಿಂದ ಮಾಸ್ತರರು ಇಳಿದರು. ಬಹಳ ಮುಪ್ಪಾಗಿದ್ದರು. ಧೋತರದ ಅಂಚು ಹರಿದಿತ್ತು. ಖಾದಿ ಗವಸಣಿಗೆಯ ತಂಬೂರಿಯನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಜನರ ನೂಕಾಟದಲ್ಲಿ ಅದರ ಬುರುಡೆಗೆ ತನ್ನ ಮೊಣಕೈಯನ್ನೇ ಅಡ್ಡ ಹಿಡಿದಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿದಂತಾಯಿತು. ನಾನು ಮುಖ ತಿರುಗಿಸಿದೆ. ಜೊತೆಗಾರರ ಎದುರು ‘ಇವನ ಧ್ವನಿ ಒಡದಿತ್ತು’ ಎಂದು ಮತ್ತೆ ಹೇಳಿಯಾರೆಂಬ ಅಂಜಿಕೆಯೋ, ಆ ಹರಿದ ಧೋತರವೋ, ಇಂದಿಗೂ ನಿಶ್ಚಯಿಸಲಾರೆ. ಅವರು ಮೆಟ್ಟಿಲ ಕಡೆ ನಡೆದುಹೋದರು. ಕೆಲವು ವರ್ಷಗಳ ನಂತರ ತೀರಿಕೊಂಡರು. ಮಣ್ಣಿಗೂ ನಾನು ಹೋಗಲಿಲ್ಲ. ನಿವೃತ್ತಿಯ ನಂತರವೂ ಅವರು ವರ್ಷಕ್ಕೊಮ್ಮೆ ಶಾಲೆಯ ತಂಬೂರಿಯನ್ನು ಸ್ವಂತ ಖರ್ಚಿನಲ್ಲಿ ಮಿರಜಿಗೆ ಒಯ್ದು ಜವಾರಿ ಮಾಡಿಸಿ ತರುತ್ತಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ.

2019ರ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರ ಬಂದದ್ದು ಎಲ್ಲರಿಗೂ ನೆನಪಿದೆ. ಶಾಲೆಯೊಳಗೂ ನೀರು ನುಗ್ಗಿತು. ಹಾಜರಿ ಪುಸ್ತಕಗಳು, ನಕಾಶೆಗಳು, ಕಪಾಟಿನ ತಂಬೂರಿ ಎಲ್ಲವೂ ಕೆಸರಾದವು. ಉಳಿದುದನ್ನು ಒಣಗಿಸಿ ಅಟ್ಟಕ್ಕೇರಿಸಿದರು. ಮಹೋತ್ಸವದ ಸಿದ್ಧತೆಗೆಂದು ಮೊನ್ನೆ ಅಟ್ಟ ಬಳಿದಾಗ ತಂಬೂರಿ ಕೆಳಗಿಳಿಯಿತು. ತಂತಿಗಳಿಲ್ಲ, ತಬಲಿ ಸೀಳಿದೆ, ಗವಸಣಿಗೆ ಮಣ್ಣು ಬಣ್ಣ. ಇದನ್ನು ವಿಲೇವಾರಿ ಮಾಡಿ ಒಂದು ಎಲೆಕ್ಟ್ರಾನಿಕ್ ತಂಬೂರಿ ಕೊಳ್ಳೋಣವೆಂದು ಸಮಿತಿಯಲ್ಲಿ ಮಾತು ಬಂತು. ಅದನ್ನು ಒಮ್ಮೆ ಮಿರಜಿನಲ್ಲಿ ತೋರಿಸಿಕೊಂಡು ಬರುತ್ತೇನೆಂದು ನಾನು ಕೇಳಿಕೊಂಡೆ. ಅದೇ ನಿಲ್ದಾಣದ ಮುಂದೆ ರಿಕ್ಷಾದಿಂದ ಇಳಿದು, ಅದನ್ನು ಎದೆಗವಚಿಕೊಂಡು ವಾದ್ಯ ತಯಾರಕರ ಓಣಿಗೆ ನಡೆದೆ. ಬುರುಡೆಗೆ ಮೊಣಕೈ ತಾನಾಗಿ ಅಡ್ಡ ಬಂತು.

ಮಿರಜಿನಲ್ಲಿ ಈ ಕಸಬು ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದೆ. ಫರೀದಸಾಹೇಬರಂಥ ಶಿಕಲಗಾರರು ಇದನ್ನು ಆರಂಭಿಸಿದರು. ಶಿಕಲಗಾರರೆಂದರೆ ಕತ್ತಿ ಕಠಾರಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಯುದ್ಧಗಳು ನಿಂತು ಆಯುಧಗಳಿಗೆ ಬೇಡಿಕೆ ತಗ್ಗಿದಾಗ ಅದೇ ಕೈಗಳು ತಂಬೂರಿ ಸತಾರುಗಳಿಗೆ ಒಲಿದವು. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬುರುಡೆಗೆ ಬೇಕಾದ ಸೋರೆಕಾಯಿ ಪಂಢರಪುರ, ಮಂಗಳವೇಢೆಯ ಕಡೆಯ ಭೀಮಾತೀರದಿಂದ ಬರುತ್ತದೆ. ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದ ಮಂಗಳವೇಢೆ ಅದು.

ವೃದ್ಧ ಕುಶಲಕರ್ಮಿಯೊಬ್ಬರು ನಮ್ಮ ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ತಟ್ಟಿ ತಟ್ಟಿ ಆಲಿಸಿದರು. ಪೂರದ ನೀರಿನಲ್ಲಿ ಬುರುಡೆ ಕೆಟ್ಟಿರಬೇಕಲ್ಲವೇ ಎಂದೆ. ಅವರು ನಕ್ಕರು. ಒಣಗಿದ ಸೋರೆಯನ್ನು ಕೊಯ್ದು ಆಕಾರಕ್ಕೆ ತರುವ ಮೊದಲು ನಾವೇ ಅದನ್ನು ನೀರಿನಲ್ಲಿ ನೆನೆಹಾಕುತ್ತೇವೆ, ನೀರಿಗೆ ಅದು ಅಂಜುವುದಿಲ್ಲ ಎಂದರು. ಇಷ್ಟು ವರ್ಷ ಯಾರೂ ಮುಟ್ಟದೆ ಬಿಟ್ಟದ್ದೇ ಅದಕ್ಕಾದ ಪೆಟ್ಟು ಎಂದೂ ಸೇರಿಸಿದರು. ತಲೆ ತಗ್ಗಿಸಿದೆ. ಆ ಮಾತು ತಂಬೂರಿಯ ಕುರಿತಾದದ್ದೇ, ಆದರೆ ನನಗೂ ತಾಗಿತು.

ಹೊಸ ತಬಲಿ ಕೂಡಿಸಿ, ದಂಡಿಯನ್ನು ಬಿಗಿದು, ತಂತಿ ಏರಿಸಿದ ದಿನ ಮತ್ತೆ ಹೋಗಿದ್ದೆ. ಕೊನೆಯ ಕೆಲಸ ಜವಾರಿ. ತಂತಿಗಳು ಹಾಯುವ ಘೋಡಿಯ, ಅಂದರೆ ಕುದುರೆಯ, ಬೆನ್ನನ್ನು ಕಂಡೂ ಕಾಣದಷ್ಟು ಇಳಿಜಾರಾಗಿ ಕಾನಸಿನಿಂದ ತೀಡುತ್ತಾರೆ. ಅದರ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇಡುತ್ತಾರೆ. ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಸತ್ತ ತಂತಿ ಬದುಕುತ್ತದೆ. ಮೀಟಿದ ಬಿಂದುವಿನಲ್ಲಿ ಯಾವ ಅನುಸ್ವರಗಳಿಗೆ ಕಂಪನವಿರದೋ ಅವು ತಂತಿಯಿಂದ ಹೊರಡಬಾರದೆಂಬುದು ಭೌತಶಾಸ್ತ್ರದ ನಿಯಮ. ತಂಬೂರಿ, ವೀಣೆಗಳಲ್ಲಿ ಅವೂ ತುಂಬಿ ಬರುತ್ತವೆ, ಈ ಕುದುರೆಯ ರಚನೆಯೇ ಅದಕ್ಕೆ ಕಾರಣ ಎಂದು ಸಿ. ವಿ. ರಾಮನ್ನರು 1921ರಲ್ಲಿ ತೋರಿಸಿಕೊಟ್ಟರು. ಯಾರೂ ಗಾಂಧಾರವನ್ನು ಮೀಟಿರುವುದಿಲ್ಲ, ಆದರೂ ಖರ್ಜದ ತಂತಿಯಿಂದ ಗಾಂಧಾರ ಕೇಳುತ್ತದೆ. ಅದನ್ನು ಹಿರಿಯರು ಸ್ವಯಂಭೂ ಎಂದರು. ತಾಳ್ಮೆಯಿಂದ ಆಲಿಸುವವನಿಗೆ ಮಾತ್ರ ಅದು ಸಿಗುತ್ತದೆ.

ತಂತಿಯನ್ನು ಬಿಗಿಯುತ್ತ ಸಡಿಲಿಸುತ್ತ ಅವರು ಕುಳಿತಿದ್ದಾಗ ಪಾಲಿ ಗ್ರಂಥಗಳಲ್ಲಿ ಬರುವ ಸೋಣನ ಕಥೆ ನೆನಪಾಯಿತು. ಪಾದಗಳಲ್ಲಿ ರಕ್ತ ಬರುವವರೆಗೆ ಸಾಧನೆ ಮಾಡಿ ನಿರಾಶನಾಗಿದ್ದ ಆ ಭಿಕ್ಷು ಪೂರ್ವಾಶ್ರಮದಲ್ಲಿ ವೀಣಾವಾದಕ. ತಂತಿ ಅತಿ ಬಿಗಿಯಾದರೆ ನುಡಿಯುತ್ತದೆಯೇ, ಅತಿ ಸಡಿಲವಾದರೆ ನುಡಿಯುತ್ತದೆಯೇ ಎಂದು ಬುದ್ಧ ಅವನನ್ನೇ ಕೇಳಿ, ಧ್ಯಾನವನ್ನು ಶ್ರುತಿಯ ಭಾಷೆಯಲ್ಲಿ ತಿಳಿಸಿಕೊಟ್ಟ. ನಮಗೆ ಇದು ಪರಸ್ಥಳದ ಮಾತೇನೂ ಅಲ್ಲ. ನಮ್ಮ ಕೃಷ್ಣೆ ಕರಾಡದಲ್ಲಿ ಕೊಯನೆಯನ್ನು ಕೂಡಿಕೊಳ್ಳುವಲ್ಲಿ ಆಗಾಶಿವ ಗುಡ್ಡದ ಬೌದ್ಧ ಗುಹೆಗಳಿವೆ; ಕೆಳಗೆ ಸಾಗಿದರೆ ನಾಗಾರ್ಜುನಕೊಂಡ, ಅಮರಾವತಿ. ಸೋರೆ ಬೆಳೆಯುವ ಭೀಮೆಯೂ ಸನ್ನತಿಯ ಸ್ತೂಪವನ್ನು ಹಾದು ಕೃಷ್ಣೆಗೇ ಬಂದು ಸೇರುತ್ತದೆ. ಗುಡ್ಡದ ಗುಹೆಯಲ್ಲಿ ಕುಳಿತ ಭಿಕ್ಷುವಿಗೆ ಕೇಳಿದ ಹೊಳೆಯ ಸದ್ದೇ ನಮ್ಮ ಶಾಲೆಯ ಕಿಟಕಿಗೂ ಬರುತ್ತಿತ್ತು. ಕೇಜರು ಅರಸಿಕೊಂಡು ಹೋದುದನ್ನು ಹಳ್ಳಿಯ ಒಬ್ಬ ಸಂಗೀತದ ಮಾಸ್ತರರು ಒಂದು ಆಟವಾಗಿ ನಮ್ಮ ಕೈಗೆ ಕೊಟ್ಟಿದ್ದರು. ಹಿಂದೆ ಕೂಡಿಸಿದ್ದು ಶಿಕ್ಷೆಗಾಗಿ ಅಲ್ಲ. ತಂಬೂರಿ ಹಿಡಿದವನಿಗೆ ಹಾಡುವ ಕೆಲಸವಿಲ್ಲದ್ದರಿಂದ ಕೇಳುವ ಕೆಲಸ ಪೂರ್ತಿಯಾಗಿ ಅವನದೇ. ಇಷ್ಟು ತಿಳಿಯಲು ನನಗೆ ಒಂದು ಆಯುಷ್ಯ ಹಿಡಿಯಿತು.

ಎಲೆಕ್ಟ್ರಾನಿಕ್ ತಂಬೂರಿಯನ್ನು ನಾನು ಅಲ್ಲಗಳೆಯುವವನಲ್ಲ. ಪ್ರವಾಸದ ಗಾಯಕರಿಗೆ, ಮನೆಯ ಅಭ್ಯಾಸಕ್ಕೆ ಅದರ ಉಪಕಾರ ದೊಡ್ಡದು. ಆದರೆ ಅದು ಗುಂಡಿ ಒತ್ತಿದೊಡನೆ ನಿಲ್ಲುತ್ತದೆ. ಎಲ್ಲ ಮಕ್ಕಳೂ ಒಂದೇ ಕ್ಷಣಕ್ಕೆ ಕೈ ಎತ್ತುತ್ತಾರೆ. ಆಟ ಅಲ್ಲಿಗೇ ಮುಗಿಯುತ್ತದೆ. ನಾದ ಕ್ಷೀಣಿಸುತ್ತ ಮೌನದೊಳಗೆ ಹೋಗುವ ದಾರಿಯನ್ನು ತೋರಿಸಲು ತಂತಿಯೇ ಬೇಕು, ಸೋರೆಯೇ ಬೇಕು. ಇಂದಿನ ಮಕ್ಕಳ ಸುತ್ತ ಸದ್ದಿಗೆ ಬರವಿಲ್ಲ. ಅದು ಎಲ್ಲಿ ಮುಗಿಯುತ್ತದೆ ಎಂದು ಕೇಳಿಸಿಕೊಳ್ಳುವ ಅವಕಾಶಕ್ಕೆ ಬರವಿದೆ.

ಆದ್ದರಿಂದ ಸಮಿತಿಯ ಹಿರಿಯರಲ್ಲಿ ನನ್ನದೊಂದು ಅರಿಕೆ. ದುರಸ್ತಿಯ ಖರ್ಚು ನನ್ನದು. ಅದನ್ನು ದೇಣಿಗೆಯೆಂದು ಫಲಕದಲ್ಲಿ ಬರೆಯುವುದು ಬೇಡ. ಪ್ರತಿ ವರ್ಷ ಜವಾರಿಗಾಗಿ ಅದನ್ನು ಮಿರಜಿಗೆ ಒಯ್ದು ತರುವ ಕೆಲಸವನ್ನು ನನ್ನ ಕಾಲು ನಡೆಯುವವರೆಗೆ ನನಗೆ ಬಿಟ್ಟುಕೊಡಿ. ಮಹೋತ್ಸವದ ದಿನ ಸ್ವಾಗತ ಭಾಷಣಕ್ಕೂ ಮೊದಲು ಎರಡು ನಿಮಿಷ ಕೊಡಿ. ಯಾರೂ ಹಾಡುವುದು ಬೇಡ. ಧ್ವನಿ ಒಡೆದ ಯಾವನಾದರೊಬ್ಬ ಹುಡುಗ ತಂಬೂರಿಯನ್ನು ಒಮ್ಮೆ ಮೀಟಿ ಕೈ ತೆಗೆಯಲಿ. ಹಳೆಯ ವಿದ್ಯಾರ್ಥಿಗಳೂ ಅವರ ಮೊಮ್ಮಕ್ಕಳೂ ಕಣ್ಣು ಮುಚ್ಚಿ ಕೇಳಲಿ. ನಾದ ನಿಂತಾಗ ಕೈ ಎತ್ತಲಿ.

ನಾನು ಹಿಂದಿನ ಸಾಲಿನಲ್ಲಿ ಕುಳಿತಿರುತ್ತೇನೆ. ಈ ಸಲ ಅವಸರವಿಲ್ಲ.